ಡ್ಯಾನ್ಸ್ ಶೂಗೆ ಬಕೆಟ್ ನೀರು ಬೇಡ, ಫ್ಯಾನ್ ಗಾಳಿ ಸಾಕು

ಏಳೆಂಟು ವರ್ಷದ ಹಿಂದೆ ನನಗೆ ಸಾಲ್ಸಾ ಕಲಿಯುವ ಹುಚ್ಚು ಹತ್ತಿತ್ತು. ದಾವಣಗೆರೆಯಲ್ಲಿ ಎಲ್ಲಿ ಹುಡುಕಿದರೂ ಅದಕ್ಕೆ ಬೇಕಾದ ಶೂ ಸಿಗಲಿಲ್ಲ, ಬೆಂಗಳೂರಿಗೆ ಹೋದಾಗ ಒಂದು ಜೊತೆ ತಂದೆ. ಮೂರು ತಿಂಗಳಿಗೆ ಅಟ್ಟೆ ಕಪ್ಪಗಾಯಿತು, ಒಳಗಿಂದ ವಾಸನೆ ಬೇರೆ. ನಾನೇನು ಮಾಡಿದೆ ಅಂದರೆ, ಮಕ್ಕಳ ಸ್ಕೂಲ್ ಶೂ ತೊಳೆಯುವ ಹಾಗೆ ಬಕೆಟ್ಟಿಗೆ ಸೋಪಿನ ಪುಡಿ ಹಾಕಿ ರಾತ್ರಿಯಿಡೀ ನೆನೆಸಿಟ್ಟು, ಬೆಳಿಗ್ಗೆ ಬಟ್ಟೆ ಬ್ರಷ್ಷಿನಲ್ಲಿ ಗಸಗಸ ಉಜ್ಜಿ, ಏಪ್ರಿಲ್ ತಿಂಗಳ ಬಿಸಿಲಿಗೆ ಮಾಳಿಗೆ ಮೇಲೆ ಇಟ್ಟು ಬಂದೆ. ಸಂಜೆ ಹೋಗಿ ನೋಡಿದರೆ ಮುಂಭಾಗ ಹಪ್ಪಳದ ಹಾಗೆ ಸೊಟ್ಟಗಾಗಿ ಮೇಲಕ್ಕೆದ್ದಿತ್ತು. ಅಟ್ಟೆ ಅರ್ಧ ಬಿಟ್ಟುಕೊಂಡು ಬಾಯಿ ತೆರೆದಿತ್ತು. ಚಪ್ಪಲಿ ರಿಪೇರಿಯವರ ಹತ್ತಿರ ತಗೊಂಡು ಹೋದೆ. ಅವರು ತಿರುಗಿಸಿ ತಿರುಗಿಸಿ ನೋಡಿ, "ಅಕ್ಕ, ಇದು ಚರ್ಮ ಐತೆ, ಸೀರೆ ಅಲ್ಲ. ಹಿಂಗೆ ನೆನೆಸಿದ್ರೆ ಏನು ಉಳಿತೈತೆ?" ಅಂದರು.

ಈಗ ಸಂಜೆ ಹೊತ್ತು ಮಕ್ಕಳ ಡ್ಯಾನ್ಸ್ ಕ್ಲಾಸಿನಲ್ಲಿ ಕೈಜೋಡಿಸುತ್ತೇನೆ. ಪ್ರೋಗ್ರಾಂ ಬಂದರೆ ಡ್ರೆಸ್ಸು, ಶೂಗಳ ಉಸ್ತುವಾರಿ ನನ್ನದೇ. ಸಾಕಷ್ಟು ಹಾಳು ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶೂ ಹಾಳಾಗುವುದು ಕೊಳೆಯಿಂದಲ್ಲ

ಬೆವರಿನಿಂದ. ನಮ್ಮ ಎರಡೂ ಪಾದ ಸೇರಿ ಸುಮಾರು 2.5 ಲಕ್ಷ ಬೆವರಿನ ಗ್ರಂಥಿ ಇವೆ ಅನ್ನುತ್ತಾರೆ. ಒಂದು ಗಂಟೆ ಕುಣಿದ ಮೇಲೆ ಶೂ ಒಳಗೆ ಕೈ ಹಾಕಿ ನೋಡಿ, ಹಸಿ ಹಸಿ ಇರುತ್ತದೆ. ಆ ಬೆವರಿಗೆ ಅಂಥ ವಾಸನೆ ಇರುವುದಿಲ್ಲ. ಅದನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾದಿಂದ ವಾಸನೆ ಬರುತ್ತದೆ, ಅದಕ್ಕೆ ಬೇಕಾದದ್ದು ಕತ್ತಲೆ, ಶಾಖ, ಹಸಿ. ಮೂರೂ ಒಟ್ಟಿಗೆ ಸಿಗುವ ಜಾಗ ಜಿಪ್ ಹಾಕಿದ ಬ್ಯಾಗು. ಅದಕ್ಕೂ ಕೆಟ್ಟದ್ದು ಸ್ಕೂಟರ್ ಡಿಕ್ಕಿ. ಮಾರ್ಚಿನಿಂದ ಮೇ ತನಕ ನಮ್ಮೂರ ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿ ಒಲೆ ಇದ್ದ ಹಾಗೆ. ಡ್ಯಾನ್ಸ್ ಶೂಗಳಲ್ಲಿ ಹೊಲಿಗೆ ಕಡಿಮೆ, ಅಂಟು ಜಾಸ್ತಿ. ಆ ಅಂಟು ಬಿಸಿಗೆ ಮೆತ್ತಗಾಗುತ್ತದೆ, ಅಟ್ಟೆ ಸರಿಯುತ್ತದೆ. ಬೆಳಿಗ್ಗೆ ಆಫೀಸಿಗೆ ಹೋಗುವಾಗಲೇ ಶೂ ಡಿಕ್ಕಿಗೆ ಹಾಕಿಕೊಂಡು ಸಂಜೆ ಆರಕ್ಕೆ ಕ್ಲಾಸಿಗೆ ಬರುವವರು ಇದ್ದಾರಲ್ಲ, ಅವರ ಶೂಗಳೇ ಮೊದಲು ಬಾಯಿ ಬಿಡುವುದು.

ಹಾಗಾಗಿ ದಿನದ ಕೆಲಸ ಇಷ್ಟೇ. ಕ್ಲಾಸ್ ಮುಗಿದ ಕೂಡಲೇ ಶೂ ಬಿಚ್ಚಿ. ಬಕಲ್ ಅಥವಾ ಲೇಸ್ ಪೂರ್ತಿ ಸಡಿಲ ಮಾಡಿ ಬಿಚ್ಚಿ, ಒಂದು ಕಾಲಿನಿಂದ ಇನ್ನೊಂದರ ಹಿಮ್ಮಡಿ ತುಳಿದು ಎಳೆಯಬೇಡಿ. ಹಿಂದಿನ ಗಟ್ಟಿ ಭಾಗ ಒಮ್ಮೆ ಮುರಿದರೆ ಶೂ ಕಾಲಿಗೆ ಹಿಡಿತ ಕೊಡುವುದಿಲ್ಲ, ತಿರುಗುವಾಗ ಪಾದ ಒಳಗೇ ಜಾರುತ್ತದೆ. ಹಳೇ ಬನಿಯನ್ ಬಟ್ಟೆಯಿಂದ ಒಳಗೆ ಹೊರಗೆ ಒರೆಸಿ. ಒಂದು ಕಾಲದಲ್ಲಿ ಹತ್ತಿ ಮಿಲ್ಲುಗಳಿಂದ ಹೆಸರು ಮಾಡಿದ ಊರು ನಮ್ಮದು, ಹತ್ತಿ ಬಟ್ಟೆಗೆ ಬರವೇ? ನೈಲಾನ್, ಪಾಲಿಸ್ಟರ್ ಬಟ್ಟೆ ಬೆವರು ಹೀರುವುದಿಲ್ಲ, ಸುಮ್ನೆ ಅಲ್ಲಿಂದ ಇಲ್ಲಿಗೆ ಸವರುತ್ತದೆ. ಆಮೇಲೆ ಬಟ್ಟೆ ಚೀಲಕ್ಕೆ ಹಾಕಿ ಮನೆಗೆ ತನ್ನಿ, ಪ್ಲಾಸ್ಟಿಕ್ ಕವರ್ ಬೇಡ. ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಶೂ ತೆಗೆದು ಮಗ್ಗುಲಾಗಿ ಮಲಗಿಸಿ ಫ್ಯಾನ್ ಕೆಳಗಿಡಿ. ಒಳಗಿನ ಮೆತ್ತೆ ಬಿಚ್ಚಲು ಬಂದರೆ ಅದನ್ನೂ ಹೊರಗೆ ತೆಗೆದಿಡಿ. ಚರ್ಮದ ಶೂ ಪೂರ್ತಿ ಆರಲು ಒಂದು ದಿನ ಬೇಕು. ದಿನಾ ಕ್ಲಾಸ್ ಇರುವವರು ಎರಡು ಜೊತೆ ಇಟ್ಟುಕೊಂಡು ಸರದಿಯಲ್ಲಿ ಹಾಕಿದರೆ ಎರಡೂ ಜಾಸ್ತಿ ದಿನ ಬಾಳುತ್ತವೆ. ದುಡ್ಡು ಜಾಸ್ತಿ ಅನ್ನಿಸಬಹುದು. ಆದರೆ ಒಂದೇ ಜೊತೆಯನ್ನು ಹಸಿಯಲ್ಲೇ ಹಾಕಿ ಹಾಕಿ ಆರು ತಿಂಗಳಿಗೆ ಎಸೆಯುವುದಕ್ಕಿಂತ ಇದು ಅಗ್ಗ ಅಲ್ವಾ?

ಸ್ವೇಡ್ ಅಟ್ಟೆ

ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಜನ ಜಾಸ್ತಿ ಹಾಳು ಮಾಡಿಕೊಳ್ಳುವುದು ಇದನ್ನೇ.

ಸಾಲ್ಸಾ, ಬಾಲ್‌ರೂಂ, ಲ್ಯಾಟಿನ್ ಶೂಗಳ ಅಟ್ಟೆ ನೋಡಿದರೆ ರಬ್ಬರ್ ಇರುವುದಿಲ್ಲ. ತೆಳ್ಳಗಿನ ಚರ್ಮ, ಅದರ ಮೇಲೆ ಸಣ್ಣ ಸಣ್ಣ ನವಿರು. ಚರ್ಮದ ಒಳಮಗ್ಗುಲನ್ನು ಹೊರಗೆ ಮಾಡಿ ಹಚ್ಚಿರುತ್ತಾರೆ. ಈ ನವಿರು ನೆಲವನ್ನು ಹದವಾಗಿ ಹಿಡಿಯುತ್ತದೆ, ಹದವಾಗಿ ಬಿಡುತ್ತದೆ. ರಬ್ಬರ್ ಅಟ್ಟೆಯಲ್ಲಿ ರಪ್ಪನೆ ತಿರುಗಿದರೆ ಪಾದ ನೆಲಕ್ಕೆ ಕಚ್ಚಿಕೊಂಡು ಮೊಣಕಾಲು ಉಳುಕುವ ಅಪಾಯ ಇದೆ, ಸ್ವೇಡ್ ಇದ್ದರೆ ಸಲೀಸಾಗಿ ತಿರುಗುತ್ತದೆ.

ಕುಣಿಯುತ್ತಾ ಕುಣಿಯುತ್ತಾ ನೆಲದ ಧೂಳು, ಪಾಲಿಶ್, ಬೇರೆಯವರ ಕಾಲಿನ ಬೆವರು ಎಲ್ಲ ಸೇರಿ ಆ ನವಿರು ಚಪ್ಪಟೆಯಾಗಿ ಕಪ್ಪಗೆ ಹೊಳೆಯಲು ಶುರುವಾಗುತ್ತದೆ. ಆಗ ಶೂ ಜಾರುತ್ತದೆ. ಇದಕ್ಕೆ ನೀರು ಮದ್ದಲ್ಲ. ತಂತಿ ಬ್ರಷ್ ಬೇಕು. ಡ್ಯಾನ್ಸ್ ಶೂಗೆ ಅಂತಲೇ ಚಿಕ್ಕ ಬ್ರಷ್ ಆನ್‌ಲೈನಿನಲ್ಲಿ ಸಿಗುತ್ತದೆ, ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಮೆತ್ತಗಿನ ಹಿತ್ತಾಳೆ ತಂತಿಯದು ಕೇಳಿ. ವೆಲ್ಡಿಂಗ್‌ನವರು ತುಕ್ಕು ಕೆರೆಯುವ ದಪ್ಪ ಕಬ್ಬಿಣದ ಬ್ರಷ್ ತರಬೇಡಿ, ಅದು ಚರ್ಮವನ್ನೇ ಕಿತ್ತು ತರುತ್ತದೆ. ಶೂ ಪೂರ್ತಿ ಒಣಗಿರಬೇಕು. ಒಂದೇ ದಿಕ್ಕಿಗೆ, ಹಗುರ ಕೈಯಿಂದ, ಹೊಳಪು ಹೋಗಿ ಬಣ್ಣ ಮಬ್ಬಾಗುವ ತನಕ ಉಜ್ಜಿ. ಬೆರಳು ಆಡಿಸಿದರೆ ಹೊಸ ಟವೆಲ್ ಮುಟ್ಟಿದ ಹಾಗೆ ಒರಟು ಅನ್ನಿಸಬೇಕು, ಅಲ್ಲಿಗೆ ನಿಲ್ಲಿಸಿ. ಪ್ರತಿ ಸಲ ಉಜ್ಜಿದಾಗಲೂ ಸ್ವಲ್ಪ ಚರ್ಮ ಪುಡಿಯಾಗಿ ಹೋಗುತ್ತದೆ. ಅದಕ್ಕೆ ದಿನಾ ಉಜ್ಜುವುದು ಬೇಡ, ಜಾರಲು ಶುರುವಾದಾಗ ಮಾತ್ರ ಸಾಕು. ಬ್ರಷ್ ಇಲ್ಲದ ದಿನ ಸಣ್ಣ ಕಾಳಿನ ಸ್ಯಾಂಡ್ ಪೇಪರ್ ತುಂಡೂ ನಡೆಯುತ್ತದೆ.

ಚೂಯಿಂಗ್ ಗಮ್ ಅಂಟಿದರೆ ಕೆರೆಯಬೇಡಿ. ಐಸ್ ತುಂಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರ ಮೇಲೆ ಹಿಡಿಯಿರಿ, ಕಲ್ಲಿನಂತಾದ ಮೇಲೆ ಚಕ್ಕೆಯಾಗಿ ಏಳುತ್ತದೆ.

ಸ್ವೇಡ್ ಅಟ್ಟೆ ಹಾಕಿಕೊಂಡು ಹಾಲ್‌ನಿಂದ ಹೊರಗೆ ಕಾಲಿಡಲೇಬೇಡಿ. "ಇಲ್ಲೇ ನೀರು ಕುಡಿದು ಬರ್ತೀನಿ" ಅಂತ ಬಾಗಿಲು ದಾಟುತ್ತಾರೆ, ಅಲ್ಲೇ ಯಾರೋ ಚೆಲ್ಲಿದ ನೀರು ತುಳಿಯುತ್ತಾರೆ. ಬಾತ್‌ರೂಮಿಗೆ ಹೋಗುವಾಗಲೂ ಅಷ್ಟೇ, ಹವಾಯಿ ಚಪ್ಪಲಿ ಒಂದು ಜೊತೆ ಬ್ಯಾಗಿನಲ್ಲಿ ಇರಲಿ. ಒದ್ದೆಯಾಗಿಯೇ ಹೋಯಿತು ಅಂದರೆ ಒಣ ಬಟ್ಟೆಯಿಂದ ಒತ್ತಿ ನೀರು ತೆಗೆದು, ಫ್ಯಾನ್ ಗಾಳಿಗೆ ಆರಿಸಿ, ಮಾರನೇ ದಿನ ಬ್ರಷ್ ಮಾಡಿ. ಹೇರ್ ಡ್ರೈಯರ್ ಹಿಡಿದರೆ ಚರ್ಮ ಗಟ್ಟಿಯಾಗಿ ಬಿರಿಯುತ್ತದೆ.

ಇನ್ನೊಂದು ವಿಷಯ. ಈ ಶೂಗಳನ್ನು ನುಣುಪಾದ ಮರದ ನೆಲಕ್ಕೆ ಅಂತ ಮಾಡಿರುತ್ತಾರೆ. ನಮ್ಮಲ್ಲಿ ಟೈಲ್ಸು, ಗ್ರಾನೈಟು, ಕೆಲವು ಕಡೆ ಬರೀ ಸಿಮೆಂಟು. ಟೈಲ್ಸ್ ಪರವಾಗಿಲ್ಲ. ಒರಟು ಸಿಮೆಂಟಿನ ಮೇಲೆ ಒಂದು ಗಂಟೆ ಕುಣಿದರೆ ಅಟ್ಟೆ ಎಷ್ಟು ಸವೆಯುತ್ತದೆ ಅಂತ ನೀವೇ ನೋಡುತ್ತೀರಿ. ಸ್ಕೂಲ್ ಡೇ ಸ್ಟೇಜುಗಳಲ್ಲಂತೂ ಹಲಗೆ ಜೋಡಿಸಿ ಮೇಲೆ ಜಮಖಾನ ಹಾಸಿರುತ್ತಾರೆ, ಅಲ್ಲಲ್ಲಿ ಮೊಳೆ ಎದ್ದಿರುತ್ತದೆ. ಅಂಥ ಕಡೆಗೆ ಹಳೇ ಜೊತೆ ತಗೊಂಡು ಹೋಗಿ.

ಮೇಲ್ಭಾಗ: ಚರ್ಮ, ಸ್ಯಾಟಿನ್, ಪೇಟೆಂಟ್

ಚರ್ಮದ ಜಾಝ್ ಶೂಗೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸುವುದೇ ತೊಳೆಯುವುದು. ಬೆವರಿನ ಉಪ್ಪು ಬಿಳಿ ಗೆರೆಯಾಗಿ ಕೂತಿದ್ದರೆ ಒಂದು ಪಾಲು ಬಿಳಿ ವಿನೆಗರ್‌ಗೆ ಒಂದು ಪಾಲು ನೀರು ಸೇರಿಸಿ ಒರೆಸಿ, ಆಮೇಲೆ ಬರೀ ನೀರಿನ ಬಟ್ಟೆ. ತಿಂಗಳಿಗೊಮ್ಮೆ ಬಣ್ಣ ಇಲ್ಲದ ಶೂ ಕ್ರೀಮ್ ಬಟಾಣಿಯಷ್ಟು ತಗೊಂಡು ಸವರಿದರೆ ಚರ್ಮ ಬಿರಿಯುವುದಿಲ್ಲ. ಆಫೀಸ್ ಶೂಗೆ ಹಾಕುವ ಕಪ್ಪು ಪಾಲಿಶ್ ಹಾಕಬೇಡಿ, ಪಕ್ಕದವರ ಪ್ಯಾಂಟು, ಲಂಗಕ್ಕೆಲ್ಲ ಅದರದ್ದೇ ಗುರುತು. ಕೊಬ್ಬರಿ ಎಣ್ಣೆಯೂ ಬೇಡ. ನಮ್ಮ ಮನೆಗಳಲ್ಲಿ ತಲೆಯಿಂದ ಕಾಲಿನ ತನಕ ಎಲ್ಲಕ್ಕೂ ಕೊಬ್ಬರಿ ಎಣ್ಣೆಯೇ ಔಷಧಿ, ನಿಜ. ಆದರೆ ಚರ್ಮ ಕಪ್ಪಾಗುತ್ತದೆ, ಅತಿಯಾಗಿ ಮೆತ್ತಗಾಗುತ್ತದೆ, ಎಣ್ಣೆ ಅಟ್ಟೆಗೆ ಇಳಿದರೆ ಕುಣಿಯುವವರು ಜಾರಿ ಬೀಳುತ್ತಾರೆ. ಅದೇ ಕಾರಣಕ್ಕೆ ಪೌಡರನ್ನೂ ಅಟ್ಟೆಗೆ ಹಾಕಬಾರದು.

ಸ್ಯಾಟಿನ್ ಬಟ್ಟೆಯ ಶೂ ತುಂಬಾ ನಾಜೂಕು. ತಣ್ಣೀರಿಗೆ ಎರಡು ಹನಿ ಶಾಂಪೂ ಹಾಕಿ, ಬಟ್ಟೆಯ ತುದಿ ಅದ್ದಿ, ಕಲೆ ಮೇಲೆ ಒತ್ತಿ ಒತ್ತಿ ತೆಗೆಯಿರಿ. ಉಜ್ಜಿದರೆ ಎಳೆ ಏಳುತ್ತದೆ. ಮೊದಲು ಹಿಮ್ಮಡಿಯ ಒಳಬದಿ ಪರೀಕ್ಷೆ ಮಾಡಿ, ಕೆಂಪು, ನೀಲಿ ಸ್ಯಾಟಿನ್ ಬಣ್ಣ ಬಿಡುವ ಸಾಧ್ಯತೆ ಇದೆ.

ಇಲ್ಲಿ ನಮ್ಮೂರಿನದೇ ಒಂದು ಸಮಸ್ಯೆ. ರಿಹರ್ಸಲ್ ಮುಗಿಸಿ ಎಲ್ಲರೂ ಬೆಣ್ಣೆ ದೋಸೆಗೆ ಹೋಗುವುದು. ಶೂ ಬಿಚ್ಚದೆ ಹಾಗೇ ಹೋಗಿ, ತಟ್ಟೆಯಿಂದ ಬೆಣ್ಣೆ ತೊಟ್ಟಿಕ್ಕಿ, ಕ್ರೀಮ್ ಬಣ್ಣದ ಸ್ಯಾಟಿನ್ ಮೇಲೆ ನಾಲ್ಕಾಣೆ ಅಗಲದ ಕಲೆ. ಮೆಣಸಿನಕಾಯಿ ಮಂಡಕ್ಕಿ ಆದರೂ ಅದೇ ಕಥೆ. ನೀರು ಹಾಕಬೇಡಿ, ಕಲೆ ಹರಡುತ್ತದೆ. ಟಿಶ್ಯೂ ಒತ್ತಿ ಎಣ್ಣೆ ಎಷ್ಟು ಬರುತ್ತದೋ ಅಷ್ಟು ತೆಗೆಯಿರಿ, ಮೇಲೆ ಟಾಲ್ಕಂ ಪೌಡರ್ ಅಥವಾ ಕಾರ್ನ್ ಫ್ಲೋರ್ ದಪ್ಪಗೆ ಉದುರಿಸಿ ರಾತ್ರಿಯಿಡೀ ಬಿಡಿ. ಪುಡಿ ಎಣ್ಣೆ ಹೀರುತ್ತದೆ. ಬೆಳಿಗ್ಗೆ ಹಳೇ ಟೂತ್‌ಬ್ರಷ್ಷಿನಿಂದ ಹಗುರವಾಗಿ ಕೊಡವಿ, ಉಳಿದಿದ್ದರೆ ಇನ್ನೊಮ್ಮೆ. ಹೊಸ ಕಲೆ ಹೋಗುತ್ತದೆ, ವಾರ ಕಳೆದದ್ದು ಪೂರ್ತಿ ಹೋಗುವುದಿಲ್ಲ.

ಪೇಟೆಂಟ್ ಅಂದರೆ ಕನ್ನಡಿಯ ಹಾಗೆ ಹೊಳೆಯುವ ಶೂ. ಅದರ ತೊಂದರೆ ಕೊಳೆ ಅಲ್ಲ. ಕುಣಿಯುವಾಗ ಎರಡು ಶೂಗಳ ಒಳಮಗ್ಗುಲು ತಾಗಿದರೆ ಒಂದಕ್ಕೊಂದು ಅಂಟಿಕೊಂಡು ಕಾಲು ಸಿಕ್ಕಿಹಾಕಿಕೊಳ್ಳುತ್ತದೆ. ಒಳಮಗ್ಗುಲಿಗೆ ತೆಳ್ಳಗೆ ವ್ಯಾಸಲಿನ್ ಸವರಿ, ಸಾಕು. ಅಟ್ಟೆಗೆ ತಾಗದ ಹಾಗೆ ನೋಡಿಕೊಳ್ಳಿ.

ಹೀಲ್ಸ್ ಇರುವ ಶೂನಲ್ಲಿ ಹಿಮ್ಮಡಿ ತುದಿಯ ರಬ್ಬರ್ ಬಿಲ್ಲೆಯನ್ನು ಆಗಾಗ ನೋಡುತ್ತಿರಿ. ಅದು ಸವೆದು ಒಳಗಿನ ಮೊಳೆ ಕಂಡ ಮೇಲೆ ನೆಲವೂ ಹಾಳು, ಹೀಲ್ಸೂ ಹಾಳು. ಹೊಸ ಬಿಲ್ಲೆ ಹಾಕಿಸಲು ದೊಡ್ಡ ಖರ್ಚೇನಿಲ್ಲ.

ಕ್ಯಾನ್ವಾಸ್ ಮತ್ತು ಸ್ನೀಕರ್ಸ್

ನೀರು ಹಾಕಿ ತೊಳೆಯಬಹುದಾದ ಶೂ ಇವೆರಡೇ. ಬ್ಯಾಲೆ ಕಲಿಯುವ ಮಕ್ಕಳು ಹಾಕುವ ಮೆತ್ತನೆಯ ಕ್ಯಾನ್ವಾಸ್ ಶೂಗೆ ತಣ್ಣೀರು, ಸೌಮ್ಯ ಸೋಪು, ಕೈಯಲ್ಲಿ ತೊಳೆಯುವುದು. ಅದರ ಕೆಳಗೆ ಚರ್ಮದ ಎರಡು ತೇಪೆ ಇರುತ್ತದೆ, ಅದು ನೆನೆಯದ ಹಾಗೆ ಬೇಗ ಬೇಗ ಮುಗಿಸಿ. ತುದಿಗಾಲಲ್ಲಿ ನಿಲ್ಲುವ ಪಾಯಿಂಟ್ ಶೂ ನಮ್ಮ ಕಡೆ ಅಪರೂಪ, ಇದ್ದವರು ಅದಕ್ಕೆ ನೀರು ಮುಟ್ಟಿಸಲೇಬೇಡಿ. ಅದರ ಗಟ್ಟಿ ತುದಿ ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಕೂಡಿಸಿ ಮಾಡಿದ್ದು, ನೀರು ಕುಡಿದರೆ ಕರಗಿ ಮೆತ್ತಗಾಗುತ್ತದೆ.

ಹಿಪ್‌ಹಾಪ್, ಜುಂಬಾದವರ ಸ್ನೀಕರ್ಸ್‌ಗೆ ಲೇಸ್, ಒಳಮೆತ್ತೆ ಬಿಚ್ಚಿ ಬೇರೆ ತೊಳೆಯಿರಿ. ಮೊದಲು ಒಣ ಬ್ರಷ್ಷಿನಿಂದ ಧೂಳು ಕೊಡವಿ, ಆಮೇಲೆ ನೀರು. ಉಲ್ಟಾ ಮಾಡಿದರೆ ಧೂಳು ಕೆಸರಾಗಿ ಬಟ್ಟೆಯೊಳಗೆ ಇಳಿಯುತ್ತದೆ. ಬಿಳಿ ರಬ್ಬರ್ ಅಂಚಿಗೆ ಹಲ್ಲುಜ್ಜುವ ಪೇಸ್ಟ್ ಚೆನ್ನಾಗಿ ಕೆಲಸ ಮಾಡುತ್ತದೆ. ವಾಷಿಂಗ್ ಮೆಷಿನ್ನಿಗೆ ಹಾಕುವವರು ಇದ್ದಾರೆ. ಅಂಟು ಬಿಟ್ಟರೆ ಆಮೇಲೆ ಬೈದುಕೊಳ್ಳಬೇಡಿ.

ಬೋರ್ ನೀರಿನ ಮನೆಗಳಲ್ಲಿ ಒಂದು ಕಿರಿಕಿರಿ ಇದೆ. ಗಡಸು ನೀರಲ್ಲಿ ಸೋಪು ನೊರೆ ಬರುವುದಿಲ್ಲ, ಜಾಲಿಸಿದರೂ ಪೂರ್ತಿ ಹೋಗುವುದಿಲ್ಲ, ಒಣಗಿದ ಮೇಲೆ ಬಿಳಿ ಶೂ ಮೇಲೆ ಹಳದಿ ಗೆರೆ. ನಲ್ಲಿ ನೀರು ಬರುವ ದಿನ ತೊಳೆಯಿರಿ, ಆಗದಿದ್ದರೆ ಕೊನೆಯ ಒಂದು ಚೊಂಬನ್ನಾದರೂ ಫಿಲ್ಟರ್ ನೀರು ಹಾಕಿ. ಒಣಗಿಸುವಾಗ ಬಿಳಿ ಟಿಶ್ಯೂ ಪೇಪರನ್ನು ಶೂ ಸುತ್ತ ಮೆತ್ತಿ. ನೀರು ಆರುವಾಗ ಕೊಳೆ, ಸೋಪು ಹೊರಗೆ ಬಂದು ಪೇಪರಿಗೆ ಅಂಟುತ್ತದೆ, ಶೂ ಬಿಳಿಯಾಗಿ ಉಳಿಯುತ್ತದೆ. ಒಳಗೆ ತುಂಬಲು ಮಕ್ಕಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಒಳ್ಳೆಯದು, ದಿನಪತ್ರಿಕೆಯ ಮಸಿ ಬಿಳಿ ಬಟ್ಟೆಗೆ ಇಳಿಯುತ್ತದೆ. ಗಂಟೆಗೊಮ್ಮೆ ಹಾಳೆ ಬದಲಾಯಿಸಿ. ಬಿಸಿಲಿಗೆ ಬೇಡ, ನೆರಳಲ್ಲಿ ಗಾಳಿ ಆಡುವ ಕಡೆ.

ವಾಸನೆ ಹಿಡಿದಿದ್ದರೆ

ಹಳೇ ಕಾಲುಚೀಲದಲ್ಲಿ ಮೂರು ಚಮಚ ಅಡುಗೆ ಸೋಡಾ ಹಾಕಿ ಗಂಟು ಕಟ್ಟಿ ಶೂ ಒಳಗೆ ರಾತ್ರಿ ಇಡಿ. ನೇರವಾಗಿ ಸುರಿದರೆ ಹೊಲಿಗೆ ಸಂದಿಯಲ್ಲಿ ಕೂತು ಚರ್ಮ ಒಣಗಿಸುತ್ತದೆ. ಸ್ನೀಕರ್ಸ್ ಆದರೆ ಮೆಡಿಕಲ್ ಶಾಪಿನ ಸ್ಪಿರಿಟ್ ಬಟ್ಟೆಗೆ ಹಾಕಿ ಒಳಗೆಲ್ಲ ಒರೆಸಬಹುದು, ಬಣ್ಣದ ಚರ್ಮಕ್ಕೆ ಮಾತ್ರ ಬೇಡ. ಸೆಂಟು, ನುಸಿ ಗುಳಿಗೆ ಇವೆಲ್ಲ ವಾಸನೆ ಮೇಲೆ ಇನ್ನೊಂದು ವಾಸನೆ, ಅಷ್ಟೇ.

ಡ್ರೆಸ್ ಬಾಡಿಗೆಗೆ ಕೊಡುವ ಕಡೆಯಿಂದ ಶೂ ತರುತ್ತೀರಲ್ಲ, ಅದನ್ನು ಹಿಂದಿನ ವಾರ ಯಾವ ಮಗು ಹಾಕಿತ್ತೋ. ಬೆರಳ ಸಂದಿಯ ಫಂಗಸ್ ಹರಡುವುದು ಹೀಗೆಯೇ. ಒಳಗೆ ಸ್ಪಿರಿಟ್ಟಿನಿಂದ ಒರೆಸಿ, ಒಣಗಿಸಿ, ಕಾಲುಚೀಲ ಹಾಕಿಯೇ ಮಕ್ಕಳಿಗೆ ತೊಡಿಸಿ. ಒಂದು ವರ್ಷ ನಾನು ಇದನ್ನು ಮರೆತು, ಪ್ರೋಗ್ರಾಂ ಆದ ವಾರಕ್ಕೆ ನಾಲ್ಕು ತಾಯಂದಿರಿಂದ ಫೋನ್ ಬಂತು.

ಜುಲೈ, ಆಗಸ್ಟ್‌ನಲ್ಲಿ ಮಲೆನಾಡಿನಷ್ಟು ಮಳೆ ನಮಗಿಲ್ಲ, ಆದರೆ ಮೋಡ ಮುಚ್ಚಿಕೊಂಡು ಜಿಟಿಜಿಟಿ ಹಿಡಿದ ವಾರಗಳಲ್ಲಿ ಬೀರುವಿನಲ್ಲಿಟ್ಟ ಚರ್ಮಕ್ಕೆ ಬೂಷ್ಟು ಬರುತ್ತದೆ. ಹೊಸ ಬ್ಯಾಗು, ಡಬ್ಬಿಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಶೂ ಒಳಗೆ ಹಾಕಿಡಿ. ಚಿಕ್ಕ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಗೆಜ್ಜೆ ಇರುವವರಿಗೆ

ಭರತನಾಟ್ಯಕ್ಕೆ ಶೂ ಇಲ್ಲ, ಆದರೆ ಗೆಜ್ಜೆ ಪಟ್ಟಿಯೂ ಚರ್ಮದ್ದೇ, ಬೆವರೂ ಅದೇ ಕಾಲಿನದು. ಗೆಜ್ಜೆ ಹಸಿರುಗಟ್ಟಿತು ಅಂತ ಹುಣಸೆಹಣ್ಣಿನ ನೀರಲ್ಲಿ ಮುಳುಗಿಸಬೇಡಿ. ಹಿತ್ತಾಳೆ ಏನೋ ಫಳಫಳ ಅನ್ನುತ್ತದೆ, ಆದರೆ ಒಳಗಿನ ಕಬ್ಬಿಣದ ಗುಂಡು ತುಕ್ಕು ಹಿಡಿದು ನಾದ ಮಂಕಾಗುತ್ತದೆ, ಪಟ್ಟಿ ಬಿರುಸಾಗುತ್ತದೆ. ಹುಣಸೆ ರಸವನ್ನು ಬಟ್ಟೆಯ ತುದಿಗೆ ಹಚ್ಚಿ ಒಂದೊಂದೇ ಗೆಜ್ಜೆಯ ಮೇಲ್ಮೈ ಒರೆಸಿ, ಹಿಂದೆಯೇ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ನೂರು ಗೆಜ್ಜೆ ಇದ್ದರೆ ಒಂದು ಭಾನುವಾರ ಮಧ್ಯಾಹ್ನ ಹೋಗುತ್ತದೆ. ಗೆಜ್ಜೆಯನ್ನು ಕಣ್ಣಿಗೊತ್ತಿಕೊಂಡು ದೇವರ ಮನೆಯಲ್ಲಿಡುತ್ತೇವೆ, ಅದೇ ಮನೆಯಲ್ಲಿ ಡ್ಯಾನ್ಸ್ ಶೂ ಮಾತ್ರ ಬಾಗಿಲ ಹೊರಗೆ ಧೂಳಿನಲ್ಲಿ ಬಿದ್ದಿರುತ್ತದೆ. ಪೂಜೆ ಮಾಡಿ ಅನ್ನುವುದಿಲ್ಲ, ಒಂದು ಬಟ್ಟೆ ಚೀಲದಲ್ಲಿ ಹಾಕಿ ಮೊಳೆಗೆ ನೇತುಹಾಕಿ, ಸಾಕು.

ಅಟ್ಟೆ ಪೂರ್ತಿ ಸವೆದರೆ

ಮೇಲ್ಭಾಗ ಚೆನ್ನಾಗಿದ್ದರೆ ಎಸೆಯಬೇಡಿ. ಸ್ವೇಡ್ ಹಾಳೆ ತರಿಸಿಕೊಂಡು ಚಪ್ಪಲಿ ರಿಪೇರಿಯವರ ಹತ್ತಿರ ಹೊಸ ಅಟ್ಟೆ ಹಚ್ಚಿಸಬಹುದು. ಹಳೇ ಅಟ್ಟೆ ಪೂರ್ತಿ ಕಿತ್ತು, ಕೆಳಗಿನ ಹಳೇ ಅಂಟು ಕೆರೆದು, ಎರಡೂ ಕಡೆ ಸೊಲ್ಯೂಷನ್ ಹಚ್ಚಿ ಸ್ವಲ್ಪ ಆರಲು ಬಿಟ್ಟು ಒತ್ತಬೇಕು. ಒಂದು ದಿನ ಹಾಕಬಾರದು. ಮೊಳೆ ಹೊಡೆಯಬೇಡಿ ಅಂತ ಮೊದಲೇ ಹೇಳಿ. ಇನ್ನೊಂದು, ಹಾಳೆಯ ಒರಟು ಮಗ್ಗುಲ ಮೇಲೆ ಚಾಕ್‌ಪೀಸಿನಿಂದ "ಇದು ಹೊರಗೆ" ಅಂತ ಬರೆದು ಕೊಡಿ. ನಾನು ಬರೆಯದೆ ಕೊಟ್ಟಿದ್ದೆ. ಅವರು ನುಣುಪು ಮಗ್ಗುಲು ಚೆಂದ ಕಾಣುತ್ತದೆ ಅಂತ ಅದನ್ನೇ ಹೊರಗೆ ಮಾಡಿ ಹಚ್ಚಿ, ಮೇಲೊಂದು ಪಾಲಿಶನ್ನೂ ಹೊಡೆದು ಕೊಟ್ಟಿದ್ದರು.